ಹವಳದ ತೊಟ್ಟಿ: ಬಳಕೆದಾರರ ಕೈಪಿಡಿ (ದೇಹೂ ರೋಡ್ ಆವೃತ್ತಿ)

ಮಾಲೀಕರಿಗೆ ಅಭಿನಂದನೆ

ಅರಬ್ಬಿ ಸಮುದ್ರವನ್ನು ಬೋರ್ ಘಾಟಿ ಹತ್ತಿಸಿ, ಲೋಣಾವಳೆ ದಾಟಿಸಿ, ಸಮುದ್ರಮಟ್ಟಕ್ಕಿಂತ ಅರ್ಧ ಕಿಲೋಮೀಟರಿಗೂ ಎತ್ತರದಲ್ಲಿರುವ ದೇಹೂ ರೋಡಿನ ಫ್ಲ್ಯಾಟಿಗೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದೀರಿ. ಅಭಿನಂದನೆಗಳು. ಈ ಊರಲ್ಲಿ ಸೇನೆಯ ಡಿಪೋ ಇದೆ, ಆರ್ಡ್‌ನೆನ್ಸ್ ಫ್ಯಾಕ್ಟರಿ ಇದೆ, 1954ರ ಡಿಸೆಂಬರ್ 25ರಂದು ಅಂಬೇಡ್ಕರರು ಪ್ರತಿಷ್ಠಾಪಿಸಿದ ಬುದ್ಧಮೂರ್ತಿ ಇದೆ, ಮಗ್ಗುಲಲ್ಲೇ ತುಕಾರಾಮರ ದೇಹೂ ಇದೆ. ಸಮುದ್ರವೊಂದು ಇರಲಿಲ್ಲ. ಆ ಕೊರತೆಯನ್ನು ನೀಗಿಸುವ ಹೊಣೆ ಯಾರೂ ನಿಮಗೆ ವಹಿಸಿರಲಿಲ್ಲ, ಆದರೂ ಹೊತ್ತಿದ್ದೀರಿ.

ಈ ಕೈಪಿಡಿ ಹವಳಕ್ಕೆ ತಗಲುವ ಪೀಡೆಗಳ ನಿವಾರಣೆಗೆ ಸಂಬಂಧಪಟ್ಟದ್ದು. ತೊಟ್ಟಿ ಕಟ್ಟುವುದು ಹೇಗೆಂದು ಇದರಲ್ಲಿ ಹೇಳಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಲವಣ, 25-26 ಡಿಗ್ರಿ ಶಾಖ, ಅಡುಗೆಯ ಅಯೋಡಿನ್ ಉಪ್ಪಲ್ಲ ಸಮುದ್ರದ ಲವಣಗಳ ಮಿಶ್ರಣ, ನಲ್ಲಿ ನೀರಲ್ಲ ಆರ್‌ಓ ಮತ್ತು ಡಿಐ ಯಂತ್ರದಲ್ಲಿ ಸೋಸಿದ ನೀರು ಎಂಬಿಷ್ಟನ್ನು ನೀವು ಈಗಾಗಲೇ ದುಡ್ಡು ತೆತ್ತು ಕಲಿತಿದ್ದೀರೆಂದು ಭಾವಿಸಲಾಗಿದೆ. ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಹವಳ ಕೊಳ್ಳಿ. ಕೊಂಡಾಗಿದ್ದರೆ, ಎಲ್ಲರ ಹಾಗೆ ನೀವೂ ಕೊಂಡಾದ ಮೇಲೆ ಓದುತ್ತಿದ್ದೀರಿ.

ಪೆಟ್ಟಿಗೆ ತೆರೆಯುವ ಮುನ್ನ

ಒಳಗೆ ಏನಿದೆ ಎಂದು ಮೊದಲು ನೋಡಿ. ಕೊಂಬೆಕೊಂಬೆಯಾಗಿ, ಮುಟ್ಟಿದರೆ ಕಲ್ಲು ಮುಟ್ಟಿದ ಅನುಭವ ಕೊಡುವ ಹವಳವಿದ್ದರೆ ಈ ಕೈಪಿಡಿಯನ್ನು ಮುಚ್ಚಿ ವಕೀಲರನ್ನು ಕಾಣಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ, ಜೊತೆಗೆ ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಹುಲಿಮರಿಯನ್ನು ನಡುಮನೆಯಲ್ಲಿ ಸಾಕಿ, ಅದಕ್ಕೆ ಹೇನು ಹತ್ತಿದೆ ಏನು ಮಾಡಲಿ ಎಂದು ಊರಲ್ಲಿ ವಿಚಾರಿಸುತ್ತಾ ಹೋಗುವವರಿಲ್ಲ. ಗಟ್ಟಿ ಹವಳ ಇಟ್ಟುಕೊಂಡವರು ಮಾತ್ರ ಹಾಗೆ ಧೈರ್ಯವಾಗಿ ವಿಚಾರಿಸುತ್ತಾರೆ. ಅಪರಾಧಕ್ಕೆ 3ರಿಂದ 7 ವರ್ಷ ಸಜೆ ಉಂಟು.

ಮುಂಬಯಿಯ ಕರಾವಳಿ ರಸ್ತೆಗಾಗಿ ವರಳಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲಿದ್ದ ಪುಟ್ಟ ಪುಟ್ಟ ಹವಳದ ಕಾಲೊನಿಗಳನ್ನು 2020ರಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು. ಸಾವಿರಾರು ಕೋಟಿಯ ಕಾಮಗಾರಿ ಹಿಡಿದ ಮಹಾನಗರಪಾಲಿಕೆಯೇ ಅದಕ್ಕಾಗಿ ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ಹಾಕಿತು. ನಿಮಗೆ ಅಂಗಡಿಯವನು ‘ಚಲ್ತಾ ಹೈ ಸರ್’ ಎಂದ ಮಾತೇ ಅನುಮತಿಯಾಗಿದೆ.

ಆದ್ದರಿಂದ ಈ ಆವೃತ್ತಿ ಮೆದು ಹವಳಗಳಿಗೆ ಮತ್ತು ಅವುಗಳ ದಾಯಾದಿಗಳಿಗೆ ಮಾತ್ರ: ಗುಂಡಿ ಗುಂಡಿಯಾಗಿ ಅರಳುವ ಜೋಆಂತಿಡ್, ಮಶ್ರೂಮ್, ಲೆದರ್, ಮುಷ್ಟಿ ಬಿಚ್ಚಿ ಮುಚ್ಚಿ ಮಾಡುವ ಜೀನಿಯಾ. ಇವುಗಳಿಗೂ ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳಿ ಬಿಲ್ ಪಡೆಯಿರಿ. ಗಟ್ಟಿ ಹವಳ ನೋಡಲೇಬೇಕೆಂಬ ಆಸೆಯಿದ್ದರೆ ಮುರ್ಡೇಶ್ವರಕ್ಕೆ ಹೋಗಿ ದೋಣಿ ಹತ್ತಿ. ನೇತ್ರಾಣಿ ದ್ವೀಪದ ಸುತ್ತ ಅವು ತಮ್ಮ ಮನೆಯಲ್ಲೇ ಇವೆ, ಕರೆಂಟು ಬಿಲ್ ಇಲ್ಲದೆ.

ಇದೇ ಕಾರಣಕ್ಕೆ ವಿದೇಶಿ ಕೈಪಿಡಿಗಳಲ್ಲಿ ಅರ್ಧ ಭಾಗ ನುಂಗುವ ಅಕ್ರೊಪೊರಾ ಎಂಬ ಗಟ್ಟಿ ಹವಳದ ಪೀಡೆಗಳ ಅಧ್ಯಾಯವನ್ನು ಇಲ್ಲಿ ಕತ್ತರಿಸಲಾಗಿದೆ. ಅಧ್ಯಾಯ ರೋಚಕವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಕ್ರೊಪೊರಾವನ್ನೇ ಮೇಯುವ ಒಂದು ಚಪ್ಪಟೆ ಹುಳುವಿದೆ. ಹವಳದ ಬಣ್ಣವನ್ನೇ ಹೊದ್ದುಕೊಂಡು ಕಣ್ಣೆದುರಿಗೇ ಕಾಣದೆ ಇರುತ್ತದೆ. ಕಚ್ಚಿದ ಕಡೆ ಬಿಳಿಚಿದ ಗುಂಡು ಗುರುತು ಉಳಿಯುತ್ತದೆ. ಸಾಕಣೆದಾರರಿಗೆ ಮೊದಲೇ ಗೊತ್ತಿದ್ದ ಈ ಹುಳುವಿಗೆ ವಿಜ್ಞಾನಿಗಳು ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದ್ದು 2011ರಲ್ಲಿ. ಅದೇ ಹವಳಕ್ಕೆ ಹತ್ತುವ ಕೆಂಪು ಚುಕ್ಕೆಯಷ್ಟಿರುವ ಜೀವಿಗಳಿಗೆ ನಾಯಿಯ ಹೃದಯದ ಹುಳಕ್ಕೆ ಕೊಡುವ ಮಾತ್ರೆಯೇ ಮದ್ದು. ಮಾತ್ರೆ ಪುಡಿ ಮಾಡಿ ಹಾಕಿದರೆ ಪೀಡೆಯೂ ಸಾಯುತ್ತದೆ, ನೀವು ಆಸೆಪಟ್ಟು ಸಾಕಿದ ಸಿಗಡಿ, ಏಡಿಗಳೂ ಸಾಯುತ್ತವೆ. ಇಷ್ಟು ಸಾಕು. ಅಕ್ರೊಪೊರಾ ನಿಮ್ಮ ತೊಟ್ಟಿಯಲ್ಲಿದ್ದರೆ ಅಲ್ಲಿಯ ಪೀಡೆ ಹುಳುವಲ್ಲ.

ಜೊತೆಯಲ್ಲಿ ಬಂದಿರುವ ಬಿಡಿಭಾಗಗಳು

ಪ್ಯಾಕಿನಲ್ಲಿ ಇರಬೇಕಾದ್ದು ಒಂದು ಹವಳದ ತುಂಡು. ನಿಜವಾಗಿ ಇರುವುದು: ಹವಳದ ತುಂಡು ಒಂದು, ಅದು ಅಂಟಿಕೊಂಡ ಕಲ್ಲು ಒಂದು, ಕಲ್ಲಿನ ಬಿರುಕಿನಲ್ಲಿ ಐಪ್ಟೇಸಿಯಾ ಎಂಬ ಕಳೆ ಹೂವು, ಅಡಿಯಲ್ಲಿ ಸುರುಳಿಯಾಗಿ ಇಟ್ಟ ಯಾರದೋ ಮೊಟ್ಟೆಗಳು, ಕಂದು ಚಪ್ಪಟೆ ಹುಳು, ಕೊಳವೆಯೊಳಗೆ ಕೂತು ಅಂಟಂಟು ಬಲೆ ಬೀಸುವ ವರ್ಮೆಟಿಡ್ ಶಂಖು, ಗುಂಡು ಹಸಿರು ಬುಗ್ಗೆಯ ಪಾಚಿ. ಇವುಗಳಿಗೆ ಪ್ರತ್ಯೇಕ ಬೆಲೆ ಹಾಕಿರುವುದಿಲ್ಲ.

ಈ ಒಂದು ಸಂಗತಿಯನ್ನು ಮಾಲೀಕರು ಸಮಾಧಾನದಿಂದ ಮನಸ್ಸಿಗೆ ತಂದುಕೊಳ್ಳಬೇಕು. ತೋಟದ ಬೆಳೆಗೆ ಪಕ್ಕದ ತೋಟದಿಂದ ಕೀಟ ಹಾರಿ ಬರಬಹುದು. ದೇಹೂ ರೋಡಿನ ತೊಟ್ಟಿಗೆ ಬರಲಾರದು. ಆಕುರ್ಡಿಯಿಂದ ಯಾವ ಹವಳದ ಹುಳುವೂ ಲೋಕಲ್ ಹತ್ತಿ ಇಳಿದ ದಾಖಲೆಯಿಲ್ಲ. ಎಕ್ಸ್‌ಪ್ರೆಸ್ ರೈಲುಗಳಂತೂ ಇಲ್ಲಿ ನಿಲ್ಲುವುದೇ ಅಪರೂಪ. ಸುತ್ತಮುತ್ತ ಎಲ್ಲೂ ಉಪ್ಪುನೀರಿಲ್ಲದ ಊರಿದು. ನಿಮ್ಮ ತೊಟ್ಟಿಯಲ್ಲಿ ಇರುವ ಪ್ರತಿಯೊಂದು ಪೀಡೆಯೂ ನಿಮ್ಮ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ, ನಿಮ್ಮ ಖರ್ಚಿನಲ್ಲಿ, ನಿಮ್ಮ ತೊಡೆಯ ಮೇಲೆ ಕೂತು ಬಂದಿದೆ. ಕೈಪಿಡಿಯ ಉಳಿದ ಭಾಗವೆಲ್ಲ ಇದರ ವಿವರಣೆ.

ಸುರಕ್ಷತಾ ಎಚ್ಚರಿಕೆ (ಇಲ್ಲಿ ನಗಬಾರದು)

ಜೋಆಂತಿಡ್‌ಗಳಲ್ಲಿ, ಮುಖ್ಯವಾಗಿ ಪ್ಯಾಲಿಥೋವಾ ಎಂಬ ದಪ್ಪ ಜಾತಿಯಲ್ಲಿ, ಪ್ಯಾಲಿಟಾಕ್ಸಿನ್ ಎಂಬ ವಿಷವಿರಬಹುದು. ಹವಾಯಿಯ ಮೂರ್ ಮತ್ತು ಷೋಯರ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಬೇರ್ಪಡಿಸಿದ ವರದಿ 1971ರದು. ಅಲ್ಲಿಯ ಜನ ಇದನ್ನು ಈಟಿಯ ತುದಿಗೆ ಸವರುತ್ತಿದ್ದರೆಂಬ ಪ್ರತೀತಿ ಇತ್ತು. ಜೀವಿಗಳಿಂದ ದೊರೆತ ಅತ್ಯಂತ ಉಗ್ರ ವಿಷಗಳಲ್ಲಿ ಇದೊಂದು. ಕೊತಕೊತ ಕುದಿಸಿದರೂ ಸುಲಭಕ್ಕೆ ಸಾಯುವುದಿಲ್ಲ.

ಪೀಡೆ ಹತ್ತಿದ ಕಲ್ಲನ್ನು ಕುಕ್ಕರಿನಲ್ಲಿಟ್ಟು ಬೇಯಿಸಿದರೆ ಎಲ್ಲವೂ ಸತ್ತು ಶುದ್ಧವಾಗುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರ ಮಾತು ಕೇಳಬೇಡಿ. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ನಡೆದಿವೆ. ಬಿಸಿನೀರು ಸುರಿಯುವುದು, ಒಣಗಿದ ಕಲ್ಲನ್ನು ಉಜ್ಜಿ ದೂಳೆಬ್ಬಿಸುವುದು, ಪ್ರೆಷರ್ ಪಂಪಿನಿಂದ ತೊಳೆಯುವುದು ಎಲ್ಲವೂ ನಿಷಿದ್ಧ. ಜೋಆಂತಿಡ್ ಮುಟ್ಟುವಾಗ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಆ ದಿನ ತೊಟ್ಟಿಯನ್ನು ದೂರದಿಂದ ನೋಡಿ ಸಂತೋಷಪಡಿ. ತೊಟ್ಟಿಗೆ ಬಳಸಿದ ಪಾತ್ರೆ, ಚಾಕು, ಬ್ರಷ್ಷು ಮತ್ತೆ ಅಡುಗೆಮನೆಗೆ ಹೋಗಬಾರದು. ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಉಸಿರುಕಟ್ಟು, ಎದೆನೋವು, ಕಣ್ಣುರಿ ಕಾಣಿಸಿದರೆ ಆಸ್ಪತ್ರೆಗೆ ಓಡಿ. ‘ಜೋಆಂತಿಡ್ ಮುಟ್ಟಿದೆ, ಪ್ಯಾಲಿಟಾಕ್ಸಿನ್ ಇರಬಹುದು’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅಕ್ವೇರಿಯಮ್ಮಿನ ಹೂವಿನಿಂದ ವಿಷವೇ ಎಂದು ಅವರು ನಕ್ಕರೆ ಇನ್ನೊಂದು ಸಲ ಹೇಳಿ.

ಅಭ್ಯಂಜನ ವಿಧಿ

ಬಂದ ಹವಳಕ್ಕೆ ಮೊದಲ ದಿನವೇ ಸ್ನಾನ. ಮೂರು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ತಾಮ್ರದ ಬಿಂದಿಗೆ, ಅಜ್ಜಿ ಕೊಟ್ಟ ಹಂಡೆ ಯಾವುದೂ ಬೇಡ. ತಾಮ್ರ ಮನುಷ್ಯನಿಗೆ ಎಷ್ಟೇ ಪುಣ್ಯವಿರಲಿ, ಬೆನ್ನೆಲುಬಿಲ್ಲದ ಸಮುದ್ರಜೀವಿಗೆ ತುಸುವಾದರೂ ನಂಜು. ಮೀನಿನ ಚುಕ್ಕೆರೋಗಕ್ಕೆ ಮಾರುವ ತಾಮ್ರದ ಔಷಧಿಗೂ ಇದೇ ನಿಯಮ.

ಮೊದಲ ಬಕೆಟ್ಟಿನಲ್ಲಿ ತೊಟ್ಟಿಯದೇ ನೀರು, ಅದಕ್ಕೆ ಹವಳಕ್ಕೆಂದೇ ತಯಾರಿಸಿದ ಸ್ನಾನದ ದ್ರಾವಣ, ಇಲ್ಲವೆ ಲ್ಯೂಗಾಲ್ ಅಯೋಡಿನ್. ಪ್ರಮಾಣ ಬಾಟಲಿಯ ಮೇಲಿದ್ದಷ್ಟೇ. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಒಳ್ಳೆಯದಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಇಟ್ಟು, ಸೂಜಿ ತೆಗೆದ ಸಿರಿಂಜಿನಿಂದ ಅದೇ ನೀರನ್ನು ಸಂದುಗೊಂದುಗಳಿಗೆ ಹಾಯಿಸುತ್ತಿರಿ. ಬಿಳಿಯ ಬಕೆಟ್ಟಾದರೆ ಉದುರಿದ್ದು ಕಾಣುತ್ತದೆ. ಆ ಹತ್ತು ನಿಮಿಷದಲ್ಲಿ ನೀವು ಕೊಂಡದ್ದೇನೆಂದು ಮೊದಲ ಬಾರಿಗೆ ತಿಳಿಯುತ್ತದೆ. ಎರಡನೆಯ, ಮೂರನೆಯ ಬಕೆಟ್ಟಿನ ಶುದ್ಧ ಉಪ್ಪುನೀರಲ್ಲಿ ಜಾಲಾಡಿ. ಸ್ನಾನದ ನೀರು ತೊಟ್ಟಿಗೆ ಒಂದು ಹನಿಯೂ ಸೇರಬಾರದು.

ಹತ್ತಿಗೂ ಕಬ್ಬಿಗೂ ಹೊಡೆಯುವ ಇಮಿಡಾಕ್ಲೋಪ್ರಿಡ್ ಹಾಕಿದರೆ ಹುಳು ಥಟ್ಟನೆ ಬೀಳುತ್ತದೆಂದು ಅಮೆರಿಕದ ಹವ್ಯಾಸಿಗಳು ಹೇಳುತ್ತಾರೆ. ಬೀಳುತ್ತದೆ. ಆದರೆ ಆ ನೀರನ್ನು ಆಮೇಲೆ ಎಲ್ಲಿ ಚೆಲ್ಲುತ್ತೀರಿ? ಕೃಷಿಯ ವಿಷವನ್ನು ನಡುಮನೆಯಲ್ಲಿಟ್ಟ ತೊಟ್ಟಿಯ ಹತ್ತಿರ ತರುವುದನ್ನು ಈ ಕೈಪಿಡಿ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ಹವಳವನ್ನು ಅಂಗಡಿಯವನ ಕಲ್ಲಿನಿಂದ ಬಿಡಿಸಿ, ಹೊಸ ಕಲ್ಲಿಗೆ ಸೂಪರ್‌ಗ್ಲೂ ಜೆಲ್ಲಿನಿಂದ ಅಂಟಿಸಿ. ಹಳೆಯ ಕಲ್ಲನ್ನು ಬಿಸಾಡಿ. ಪೀಡೆಗಳ ಮೊಟ್ಟೆ ಇರುವುದು ಬಹುಪಾಲು ಅಲ್ಲೇ. ಇಲ್ಲಿಗೆ ಎಲ್ಲ ಮುಗಿಯಿತೆಂದು ಮಾಲೀಕರು ಹವಳವನ್ನು ತೊಟ್ಟಿಗೆ ಇಳಿಸಲು ಎದ್ದೇಳುತ್ತಾರೆ. ಕೂತುಕೊಳ್ಳಿ.

ಹೊರಗಿನ ತೊಟ್ಟಿ

ಸ್ನಾನದಿಂದ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಯಾವ ಬಾಟಲಿಯೂ ಮೊಟ್ಟೆಯನ್ನು ಖಾತ್ರಿಯಾಗಿ ಕೊಂದದ್ದಿಲ್ಲ. ನೀವು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು, ಚಾಕುವಿನಿಂದ ಕೆರೆಯಬಹುದು, ಆದರೂ ಒಂದು ಸುರುಳಿ ತಪ್ಪಿಸಿಕೊಳ್ಳುತ್ತದೆ. ಅದು ನೀರಿನ ಶಾಖವನ್ನು ನೋಡಿಕೊಂಡು ಕೆಲವು ದಿನಗಳಲ್ಲೋ ಮೂರು ವಾರದಲ್ಲೋ ಒಡೆಯುತ್ತದೆ. ಆದ್ದರಿಂದ ಹವಳವನ್ನು ಒಂದು ಬೇರೆಯೇ ಸಣ್ಣ ತೊಟ್ಟಿಯಲ್ಲಿ, ಒಂದು ಸಣ್ಣ ಪಂಪು, ಒಂದು ದೀಪ, ಬೇರೇನೂ ಕಲ್ಲಿಲ್ಲದೆ, ಆರು ವಾರ ಇಡಬೇಕು. ವಾರಕ್ಕೊಮ್ಮೆ ಮತ್ತೆ ಸ್ನಾನ. ಮೊಟ್ಟೆಯೊಡೆದು ಹೊರಬಂದದ್ದು ತಾನು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ಸಿಕ್ಕಿಬೀಳಬೇಕು; ಲೆಕ್ಕ ಇಷ್ಟೇ.

ನಿಯಮಗಳನ್ನು ಹೆಚ್ಚು ವಿವರಿಸಬೇಕಿಲ್ಲ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದವರಿಗೆ ಎಲ್ಲವೂ ಬಾಯಿಪಾಠ. ಹೊರಗಿನ ತೊಟ್ಟಿಗೆ ಬೇರೆ ಬಲೆ, ಬೇರೆ ಚಿಮಟ, ಬೇರೆ ಟವೆಲ್. ಮೊದಲು ದೊಡ್ಡ ತೊಟ್ಟಿಯ ಕೆಲಸ, ಆಮೇಲೆ ಹೊರಗಿನದು. ಹೊರಗಿನದನ್ನು ಮುಟ್ಟಿದ ಕೈ ದೊಡ್ಡ ತೊಟ್ಟಿಗೆ ಬರಬಾರದು. ಅದರ ನೀರು ಇದಕ್ಕೆ ಸಿಡಿಯಬಾರದು. ನಮ್ಮಜ್ಜಿಯರಿಗೆ ಮಡಿಯ ಕಾರಣ ಕೇಳಿದರೆ ಬೈಗುಳ ಸಿಗುತ್ತಿತ್ತು. ಇಲ್ಲಿ ಕೇಳಿ, ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಾರೆ.

ಇಡೀ ಪೀಡೆ ನಿವಾರಣೆಯಲ್ಲಿ ನಿಜವಾಗಿ ಕೆಲಸ ಮಾಡುವ ಏಕೈಕ ಸಾಧನ ಈ ಪುಟ್ಟ ತೊಟ್ಟಿ. ಅಂಗಡಿಯಲ್ಲಿ ಅದರ ಬಗ್ಗೆ ಯಾರೂ ಹೇಳುವುದಿಲ್ಲ, ಅದರಲ್ಲಿ ಲಾಭವಿಲ್ಲ. ಮಾಲೀಕರೂ ಇಡುವುದಿಲ್ಲ, ಅದರಲ್ಲಿ ಅಂದವಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಕೆಳಗೆ ಕೂರುವ ಆ ಬೋಳು ಪೆಟ್ಟಿಗೆಯನ್ನು ನೆಂಟರಿಗೆ ತೋರಿಸಿ ಹೆಮ್ಮೆಪಡಲು ಬರುವುದಿಲ್ಲ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಹೊತ್ತು ತಂದು, ಲೋಣಾವಳೆಯಲ್ಲಿ ಇಳಿದು ಲೋಕಲ್ ಹತ್ತಿ, ಚೀಲ ಬಿಸಿಯಾಗದಂತೆ ಮಡಿಲಲ್ಲಿಟ್ಟುಕೊಂಡು ಬಂದವರಿಗೆ ‘ಇನ್ನು ಆರು ವಾರ ಬಾಲ್ಕನಿಯಲ್ಲಿಡಿ’ ಎಂದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲೇ ‘ಇದೊಂದು ಸಲ ನಡೆಯುತ್ತೆ ಬಿಡಿ’ ಎಂಬ ಮಾತು ಹುಟ್ಟುತ್ತದೆ. ಭೂಮಿಯ ಮೇಲಿನ ಐಪ್ಟೇಸಿಯಾ ಸಂತತಿಯಲ್ಲಿ ಬಹುದೊಡ್ಡ ಪಾಲು ಆ ಮಾತಿಗೆ ಋಣಿ.

ದೋಷ ಮತ್ತು ಪರಿಹಾರ

ದೋಷ: ಕಲ್ಲಿನ ಮೇಲೆ ಉದ್ದ ಕತ್ತಿನ, ತಿಳಿಗಂದು ಬಣ್ಣದ, ನೆರಳು ಬಿದ್ದರೆ ಸರಕ್ಕನೆ ಒಳಸೇರುವ ಹೂವು. ಮಾಲೀಕರು ಮೊದಲ ವಾರ ಇದನ್ನು ‘ಉಚಿತವಾಗಿ ಬಂದ ಅನಿಮೋನ್’ ಎಂದು ಪ್ರೀತಿಸುತ್ತಾರೆ. ಇದೇ ಐಪ್ಟೇಸಿಯಾ. ನೆರೆಯ ಹವಳವನ್ನು ಚುಚ್ಚಿ ಸುಡುತ್ತದೆ. ಕಿತ್ತರೆ ಕಲ್ಲಿನಲ್ಲುಳಿದ ಚೂರು ಬೆಳೆದು ಮತ್ತೊಂದಾಗುತ್ತದೆ. ಜಜ್ಜಿದರೆ ಎಷ್ಟು ಚೂರೋ ಅಷ್ಟು ಮಕ್ಕಳಾಗುವ ಸಾಧ್ಯತೆ. ಆದ್ದರಿಂದ ಕೋಪ ಇಲ್ಲಿ ಬೇಸಾಯವಾಗುತ್ತದೆ.

ಪರಿಹಾರ: ಸುಣ್ಣ. ನಮ್ಮವರು ಎಲೆಯಡಿಕೆಗೆ ಹಚ್ಚುವ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆದರೆ ಪಾನ್ ಡಬ್ಬಿಯದ್ದಲ್ಲ, ಗೋಡೆಯದ್ದಂತೂ ಅಲ್ಲ, ಕಲಬೆರಕೆಯಿಲ್ಲದ ಶುದ್ಧ ಪುಡಿ. ಸೋಸಿದ ನೀರಲ್ಲಿ ಗಟ್ಟಿಯಾಗಿ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಗೆ ಮೆಲ್ಲಗೆ ಹಾಕಿ ಪೂರ್ತಿ ಮುಚ್ಚಿಬಿಡಿ. ತಿಂಡಿಯೆಂದು ನುಂಗಿ ಒಳಗಿಂದ ಬೆಂದುಹೋಗುತ್ತದೆ. ಸುಣ್ಣದ ತಿಳಿಯ ಪಿಎಚ್ 12ರ ಮೇಲಿರುವುದರಿಂದ ಒಂದು ದಿನಕ್ಕೆ ಎರಡು ಮೂರು ಹೂವಿಗಿಂತ ಹೆಚ್ಚು ಮುಟ್ಟಬೇಡಿ. ಇಲ್ಲವಾದರೆ ಐಪ್ಟೇಸಿಯಾದ ಜೊತೆ ತೊಟ್ಟಿಯೂ ಶುದ್ಧವಾಗುತ್ತದೆ.

ಜೀವಂತ ಪರಿಹಾರಗಳೂ ಇವೆ. ಪೆಪ್ಪರ್‌ಮಿಂಟ್ ಸಿಗಡಿ ಕೆಲವೊಮ್ಮೆ ತಿನ್ನುತ್ತದೆ, ಕೆಲವೊಮ್ಮೆ ನೀವು ಮೀನಿಗೆ ಹಾಕಿದ್ದೇ ರುಚಿ ಎಂದು ತೀರ್ಮಾನಿಸುತ್ತದೆ. ಉದ್ದ ಮೂತಿಯ ಕಾಪರ್‌ಬ್ಯಾಂಡ್ ಮೀನು ಚೆನ್ನಾಗಿ ಹೆಕ್ಕುತ್ತದೆ, ಆದರೆ ಹೊಸ ಮನೆಯಲ್ಲಿ ಉಪವಾಸ ಬಿದ್ದು ಸಾಯುವುದರಲ್ಲೂ ಹೆಸರುವಾಸಿ. ಬರ್ಗಿಯಾ ಎಂಬ ಬೆರಳುದ್ದವೂ ಇಲ್ಲದ ಸಮುದ್ರ ಗೊಂಡೆಹುಳು ಐಪ್ಟೇಸಿಯಾ ಬಿಟ್ಟರೆ ಬೇರೆ ಏನನ್ನೂ ತಿನ್ನುವುದಿಲ್ಲ. ಕಡೆಯ ಐಪ್ಟೇಸಿಯಾ ಮುಗಿದ ಮೇಲೆ ಹಸಿದು ಸಾಯುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಇನ್ನೊಬ್ಬ ಸಾಕಣೆದಾರನಿಗೆ ದಾಟಿಸುವುದು ಸಭ್ಯತೆ.

ದೋಷ: ಜೋಆಂತಿಡ್‌ಗಳು ಬೆಳಿಗ್ಗೆ ಅರಳುತ್ತಿಲ್ಲ, ದಿನಕ್ಕೊಂದು ಕಡಿಮೆಯಾಗುತ್ತಿವೆ. ಪರಿಹಾರ: ರಾತ್ರಿ ದೀಪವಾರಿದ ಮೇಲೆ ಟಾರ್ಚ್ ಹಿಡಿದು ಕೂರಿ. ಜೋಆಂತಿಡ್ ತಿನ್ನುವ ನೂಡಿಬ್ರಾಂಕ್ ಎಂಬ ಗೊಂಡೆಹುಳು ತಿಂದದ್ದರ ಬಣ್ಣವನ್ನೇ ಮೈಗೆ ತಂದುಕೊಂಡು, ಬೆನ್ನ ಮೇಲೆ ಅವುಗಳದೇ ಕುಚ್ಚು ಹೊತ್ತು, ಅವುಗಳ ನಡುವೆಯೇ ಮಲಗಿರುತ್ತದೆ. ಹವಳ ನಡೆದಾಡಿದರೆ ಅದು ಹವಳವಲ್ಲ. ಚಪ್ಪಟೆ ಸುರುಳಿಯ, ಕಪ್ಪುಬಿಳುಪು ಚೌಕಳಿಯ ಸನ್‌ಡಯಲ್ ಶಂಖು ಕಂಡರೂ ಚಿಮಟದಿಂದ ಎತ್ತಿ. ಎಷ್ಟು ಚೆಂದವಿದ್ದರೂ ಎತ್ತಿ.

ದೋಷ: ಗಾಜಿಗೂ ಹವಳಕ್ಕೂ ತುಕ್ಕು ಬಣ್ಣದ ಮಚ್ಚೆಗಳು ಹರಡಿವೆ, ನಿಧಾನ ಸರಿಯುತ್ತಿವೆ. ಇವು ಕೆಂಪು ಚಪ್ಪಟೆ ಹುಳುಗಳು. ಹವಳವನ್ನು ತಿನ್ನುವುದಿಲ್ಲ, ಮೇಲೆ ಹೊದ್ದುಕೊಂಡು ಬೆಳಕು ತಡೆಯುತ್ತವೆ. ಮದ್ದು ಹಾಕಿ ಒಂದೇ ಸಲ ಎಲ್ಲವನ್ನೂ ಕೊಂದರೆ ಸತ್ತವುಗಳ ಮೈಯಿಂದ ಬಿಡುಗಡೆಯಾಗುವ ನಂಜು ಮೀನುಗಳನ್ನೂ ಕೊಲ್ಲಬಹುದು. ಮೊದಲು ಸಣ್ಣ ಪೈಪಿನಿಂದ ಹೀರಿ ಹೀರಿ ಸಂಖ್ಯೆ ಇಳಿಸಿ, ಆಮೇಲೆ ಮದ್ದು, ಕೂಡಲೇ ಆಕ್ಟಿವೇಟೆಡ್ ಕಾರ್ಬನ್, ನೀರು ಬದಲಾವಣೆ.

ದೋಷ: ಕಲ್ಲಿನ ಸಂದಿನಲ್ಲಿ ಕಾಲುಕಾಲಿನ ಕಂಬಳಿಹುಳು, ಮಾಲೀಕರು ಕಿರುಚಿದ್ದಾರೆ. ಇದು ಬ್ರಿಸಲ್ ಹುಳು, ನಿರಪರಾಧಿ. ಉಳಿದ ಕೊಳೆ ತಿಂದು ತೊಟ್ಟಿ ಚೊಕ್ಕಟ ಮಾಡುತ್ತದೆ. ಮುಟ್ಟಬೇಡಿ, ಮುಳ್ಳು ಚುಚ್ಚುತ್ತದೆ. ಬಿಟ್ಟುಬಿಡಿ.

ಊರಿನ ಕಡೆಯಿಂದ ಬರುವ ತೊಂದರೆಗಳು

ಹುಳುವಲ್ಲದ ಪೀಡೆಗಳೂ ಇವೆ, ಇವು ಮಾತ್ರ ನಿಜಕ್ಕೂ ಕಿಟಕಿಯಿಂದ ಬರುತ್ತವೆ. ಮಳೆಗಾಲದಲ್ಲಿ ಸೊಳ್ಳೆ ಹೊಗೆಯ ಯಂತ್ರ ಬೀದಿಗೆ ಬಂದ ಸದ್ದು ಕೇಳಿದರೆ ಮಕ್ಕಳು ಹೊಗೆಯ ಹಿಂದೆ ಓಡುತ್ತಾರೆ, ಹವಳದ ಮಾಲೀಕರು ಕಿಟಕಿಯ ಕಡೆ ಓಡಬೇಕು. ಪೈರೆಥ್ರಾಯ್ಡ್ ಜಾತಿಯ ಸೊಳ್ಳೆ ಮದ್ದುಗಳು ಸಿಗಡಿ, ಏಡಿ, ಮೀನುಗಳಿಗೆ ಮಾರಕ. ಕಿಟಕಿ ಮುಚ್ಚಿ, ತೊಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಗಾಳಿ ಎಳೆಯುವ ಪಂಪನ್ನು ಹೊಗೆ ಅಡಗುವವರೆಗೆ ಆರಿಸಿ. ಮನೆಯೊಳಗಿನ ಜಿರಲೆ ಸ್ಪ್ರೇ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಬಾಟಲಿಗಳಿಗೂ ಇದೇ ಎಚ್ಚರ.

ಗುರುವಾರ ಪುಣೆ ಕಡೆ ದುರಸ್ತಿಗೆಂದು ಕರೆಂಟು ತೆಗೆಯುವ ವಾರ. ಅಂದು ಸ್ನಾನ, ಸುಣ್ಣ, ಮದ್ದು ಏನನ್ನೂ ಇಟ್ಟುಕೊಳ್ಳಬೇಡಿ. ಪಂಪು ನಿಂತ ತೊಟ್ಟಿಯಲ್ಲಿ ಆಮ್ಲಜನಕ ಇಳಿಯುತ್ತದೆ; ಬ್ಯಾಟರಿಯ ಗಾಳಿ ಪಂಪೊಂದು ಟಿವಿಯ ಇನ್ವರ್ಟರಿಗಿಂತ ಮೊದಲು ಬೇಕಾದ್ದು. ಏಪ್ರಿಲ್ ಮೇ ತಿಂಗಳಲ್ಲಿ ನೀರು ಕಾಯುತ್ತದೆ. ಫ್ಯಾನು ಬೀಸಿದರೆ ಒಂದೆರಡು ಡಿಗ್ರಿ ತಗ್ಗುತ್ತದೆ, ಮಳೆಗಾಲದ ತೇವದಲ್ಲಿ ಅದೂ ತಗ್ಗುವುದಿಲ್ಲ. ಆರಿಹೋದ ನೀರಿಗೆ ಬದಲಾಗಿ ಉಪ್ಪುನೀರಲ್ಲ, ಸೋಸಿದ ಸಿಹಿನೀರು. ಬಳಲಿದ ಹವಳದ ಮೇಲೆ ಪೀಡೆಯ ಕೈ ಬೇಗ ಮೇಲಾಗುತ್ತದೆ.

ಊರಿಂದ ಬಂದ ಹಿರಿಯರು ಮಂಗಳನಿಗೆ ಹವಳದುಂಗುರ ಹಾಕಿಕೋ, ತೊಟ್ಟಿಯಲ್ಲೇ ಇದೆಯಲ್ಲ ಎಂದರೆ, ಉಂಗುರದ ಕೆಂಪು ಹವಳ ಬಹುವಾಗಿ ಮೆಡಿಟರೇನಿಯನ್ನಿನ ಆಳದ್ದು, ಬೇರೆ ಕುಲದ್ದು ಎಂದು ತಿಳಿಸಿ. ಅದಕ್ಕೆ ಹುಳು ಹತ್ತುವುದಿಲ್ಲ. ಅಷ್ಟರಮಟ್ಟಿಗೆ ಅವರ ಸಲಹೆ ಒಳ್ಳೆಯದೇ.

ವಾರಂಟಿ

ಇಲ್ಲ.

ವಿಲೇವಾರಿ

ಕಿತ್ತ ಪೀಡೆ, ಬಿಸಾಡುವ ಕಲ್ಲು, ಸ್ನಾನದ ನೀರು, ಬೇಸರ ಬಂದು ಬಿಡಬೇಕೆನಿಸಿದ ಮೀನು ಇವುಗಳ ವಿಲೇವಾರಿಗೆ ನದಿಯನ್ನು ಬಳಸಬಾರದು. ಇಂದ್ರಾಯಣಿಯಲ್ಲಿ ಮುಳುಗಿಸಿದ ತುಕಾರಾಮರ ಅಭಂಗಗಳು ತೇಲಿ ಬಂದ ಕಥೆ ಈ ಊರಿಗೆ ಹೊಸದಲ್ಲ. ಅಯೋಡಿನ್ ನೀರಿನಿಂದ ಆ ಪವಾಡವನ್ನು ನಿರೀಕ್ಷಿಸಬೇಡಿ. ಪೀಡೆ ಹತ್ತಿದ್ದನ್ನು ಸಿಹಿನೀರು ಬೆರೆತ ಬ್ಲೀಚಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಜೋಆಂತಿಡ್ ಇದ್ದ ಕಲ್ಲಾದರೆ ಕೈಗವಸು ಬಿಚ್ಚದೆ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮೀನನ್ನು ಇನ್ನೊಬ್ಬ ಸಾಕಣೆದಾರನಿಗೆ ಕೊಡಿ. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ, ಪವನಾ ನದಿ ಮುಳಾ ನದಿಯ ಮೂಲಕ ಅದೇ ಭೀಮೆಗೆ ಹೋಗುತ್ತದೆ. ಭೀಮೆ ಉಜನಿ, ಪಂಢರಪುರ ದಾಟಿ ಕಲಬುರಗಿ ಜಿಲ್ಲೆಗೆ ಬರುತ್ತದೆ. ದೇಹೂ ರೋಡಿನಲ್ಲಿ ನೀವು ಚೆಲ್ಲಿದ್ದರ ದಾರಿಯಲ್ಲಿ ಗಾಣಗಾಪುರದ ಸ್ನಾನಘಟ್ಟವೂ ಇದೆ.